ಬೆನ್ನಿಗೊಂದು ಚೀಲ, ಜೇಬಿಗೊಂದು ವಿಶಲ್

ಬೆನ್ನಿಗೆ ಚೀಲ ಹಾಕಿಕೊಂಡು ಬಸ್ಸು ಹತ್ತುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಇದು ದ್ವೇಷವಲ್ಲ, ವೃತ್ತಿಧರ್ಮ. ಮೈಸೂರು–ಕೊಳ್ಳೇಗಾಲದ ರೂಟಿನಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ಆಯುಷ್ಯ ಸವೆಸಿದವನು ನಾನು. ಒಬ್ಬ ಮನುಷ್ಯ ಬೆನ್ನಿಗೆ ಚೀಲ ಏರಿಸಿದ ಗಳಿಗೆಯಿಂದ ಒಂದೇ ಟಿಕೆಟ್ಟಿನಲ್ಲಿ ಎರಡು ಆಳಿನ ಜಾಗ ಹಿಡಿಯುತ್ತಾನೆ. ಮುಂದಿನ ಆಳು ಅವನು. ಹಿಂದಿನ ಆಳಿಗೆ ಕಣ್ಣಿಲ್ಲ, ಕಿವಿಯಿಲ್ಲ, ನಾಚಿಕೆಯಂತೂ ಮೊದಲೇ ಇಲ್ಲ. ಇವನು ಕಿಟಕಿಯ ಕಡೆ ತಿರುಗಿದರೆ ಅದು ಹಿಂದೆ ನಿಂತ ಮುದುಕಿಯ ಮೂಗು ಸವರುತ್ತದೆ. ಮುದುಕಿ ಬೈಯುವುದು ಅವನಿಗಲ್ಲ, ಕಂಡಕ್ಟರಿಗೆ. "ರೀ ಸ್ವಾಮಿ, ಬ್ಯಾಗ್ ಕೆಳಗಿಳಿಸ್ರೀ" ಎಂದು ಎಷ್ಟು ಕೂಗಿದ್ದೇನೆಂದರೆ, ನಿವೃತ್ತನಾದ ಮೇಲೂ ನಿದ್ದೆಯಲ್ಲಿ ಹಾಗೇ ಕೂಗುತ್ತೇನೆಂದು ನನ್ನ ಹೆಂಡತಿಯ ದೂರು.

ಅಂಥ ನಾನು, ಅರವತ್ತು ದಾಟಿದ ಮೇಲೆ, ಸ್ವೀಡನ್ ದೇಶದ ಓರೆಬ್ರೂ ಎಂಬ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಬೆನ್ನಿಗೆ ಕೆಂಪು ಚೀಲ ಬಿಗಿದುಕೊಂಡು ನಿಂತಿದ್ದೆ. ಚೀಲ ಅಳಿಯನದು. ಅದಕ್ಕೆ ಹೆಗಲಿಗೆರಡು, ಎದೆಗೊಂದು, ಸೊಂಟಕ್ಕೊಂದು ಪಟ್ಟಿ. ಎತ್ತಿಗೆ ನೊಗ ಹೂಡುವಾಗಲೂ ನಮ್ಮ ಕಡೆ ಇಷ್ಟು ಹಗ್ಗ ಬಿಗಿಯುವುದಿಲ್ಲ. ಪಕ್ಕದಲ್ಲಿ ನೀಲಿ ಚೀಲ ಬಿಗಿದುಕೊಂಡು ನನ್ನ ಗೆಳೆಯ ನಂಜೇಗೌಡ. ಅವನ ಹೊಟ್ಟೆಯ ಮೇಲೆ ಸೊಂಟದ ಪಟ್ಟಿ ಕೂಡುತ್ತಿರಲಿಲ್ಲ. ಎರಡು ತುದಿಗಳೂ ಆಚೀಚೆ ನೇತಾಡುತ್ತ, ಬಹಳ ದಿನದಿಂದ ಮಾತು ಬಿಟ್ಟ ದಾಯಾದಿಗಳ ಹಾಗೆ ಕಾಣುತ್ತಿದ್ದವು.

ಈ ವೇಷ ಯಾಕೆ ಹಾಕಬೇಕಾಯಿತು ಎನ್ನುವುದಕ್ಕೆ ನನ್ನ ಮೊಮ್ಮಗಳ ವಿಷಯ ಹೇಳಬೇಕು. ಕೇಳದಿದ್ದರೂ ಹೇಳುತ್ತಿದ್ದೆ. ಹೆಸರು ಅನು, ವಯಸ್ಸು ಮೂರು. ಅವಳನ್ನು ವರ್ಣಿಸಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಓದಿದ್ದು ಏಳನೆಯ ಕ್ಲಾಸು, ಅಲ್ಲಿ ಕಲಿಸಿದ ಹೊಗಳಿಕೆಯ ಮಾತೆಲ್ಲ ದೇವರಿಗೂ ರಾಜರಿಗೂ ಖರ್ಚಾಗಿಹೋಗಿತ್ತು, ಮೊಮ್ಮಕ್ಕಳಿಗೆ ಏನೂ ಉಳಿದಿರಲಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಅವಳು ಅಂಗಾಲಿನಲ್ಲಿ ನನ್ನ ಎದೆ ಮೆಟ್ಟಿಕೊಂಡು ಹೆಗಲಿಗೆ ಹತ್ತುವಾಗ, ಮೈಯಲ್ಲಿದ್ದ ಬಿಪಿ ಶುಗರು ಎರಡೂ ಎದ್ದು ನಿಂತು ಅವಳಿಗೆ ಸೀಟು ಬಿಟ್ಟುಕೊಡುತ್ತವೆ.

ಅವಳು ನನ್ನನ್ನು 'ಮೊರ್‌ಫಾರ್' ಎನ್ನುತ್ತಾಳೆ. ತಾಯಿಯ ತಂದೆ ಎಂದು ಅರ್ಥವಂತೆ. ತಂದೆಯ ತಂದೆಗೆ ಬೇರೆ ಹೆಸರು. ನಮ್ಮಲ್ಲಿ ಇಬ್ಬರಿಗೂ ಒಂದೇ ತಾತ. ಯಾವ ತಾತ ಎಂದು ಕೇಳಿದರೆ "ಮಿಠಾಯಿ ಕೊಡೋ ತಾತ" ಎಂದೋ "ಗೊರಕೆ ತಾತ" ಎಂದೋ ಮಕ್ಕಳೇ ವಿಂಗಡಿಸಿಕೊಳ್ಳುತ್ತವೆ. ಇಲ್ಲಿಯವರು ಅದನ್ನೂ ಹಲ್ಲುಜ್ಜುವ ಬ್ರಷ್ಷಿನ ಹಾಗೆ ಇವನದ್ದು ಇವನಿಗೆ, ಅವನದ್ದು ಅವನಿಗೆ ಎಂದು ಬೇರೆ ಮಾಡಿ ಇಟ್ಟುಬಿಟ್ಟಿದ್ದಾರೆ. ಅಚ್ಚುಕಟ್ಟು ಜನ.

ಮಗಳು ಭಾಗ್ಯ ಓರೆಬ್ರೂ ಆಸ್ಪತ್ರೆಯಲ್ಲಿ ನರ್ಸು. ಅವಳೂ ಅಳಿಯನೂ ಕೆಲಸಕ್ಕೆ ಹೋದಾಗ ಅನುವನ್ನು 'ದಾಗಿಸ್' ಎಂಬ ಶಿಶುವಿಹಾರಕ್ಕೆ ಬಿಡುತ್ತಾರೆ. ಮನೆಯಿಂದ ಬಸ್ಸಿನಲ್ಲಿ ಹೋಗಬೇಕು. ಬಂದ ದಿನದಿಂದ ನನ್ನದು ಒಂದೇ ಅರ್ಜಿ: ಸಂಜೆ ಮಗುವನ್ನು ನಾನು ಕರೆತರುತ್ತೇನೆ. ದೇಶ ನೋಡುವ ಆಸೆ ನನಗಿಲ್ಲ. ಗೇಟಿನಲ್ಲಿ ನಿಂತು, ಅಷ್ಟು ಮಕ್ಕಳ ನಡುವೆ ನಮ್ಮದು ಯಾವುದು ಎಂದು ಹುಡುಕಿ, ಅವಳ ಕೈ ಹಿಡಿದು ಬಸ್ಸು ಹತ್ತಿಸುವ ಭಾಗ್ಯ ಒಂದು ಸಿಕ್ಕರೆ ಸಾಕಿತ್ತು. ಹೋದ ವರ್ಷ ಅವಳಜ್ಜಿ, ಎಂದರೆ ನನ್ನ ಹೆಂಡತಿ, ಬಂದಿದ್ದಾಗ ಆ ಭಾಗ್ಯ ದಿನಾ ಸಿಕ್ಕಿತ್ತಂತೆ. ಊರಿಗೆ ಬಂದು ಅದನ್ನೇ ವರ್ಷವಿಡೀ ನನಗೆ ಒಗ್ಗರಣೆ ಹಾಕಿ ಬಡಿಸಿದ್ದಳು.

ನನ್ನ ಅರ್ಜಿ ಮಾತ್ರ ತಿರಸ್ಕಾರ. ಕಾರಣ, ಬಂದ ವಾರದಲ್ಲೇ ನಡೆದ ಒಂದು ಸಣ್ಣ ಘಟನೆ. ಹಾಲು ತರಲು ಹೋದವನು ಎದುರಿಗೆ ಬಸ್ಸು ಬಂತೆಂದು ಹತ್ತಿಬಿಟ್ಟೆ. ಇದರಲ್ಲಿ ನನ್ನ ತಪ್ಪೇನಿಲ್ಲ. ಬಸ್ಸು ಬಂದು ಎದುರಿಗೆ ನಿಂತು ಬಾಗಿಲು ತೆರೆದರೆ ಹತ್ತದೆ ನಿಲ್ಲುವ ಅಭ್ಯಾಸ ಈ ಕಾಲುಗಳಿಗಿಲ್ಲ. ಕೊನೆಯ ಸ್ಟಾಪಿನ ತನಕ ಹೋಗಿ, ಬೆಂಚಿನ ಮೇಲೆ ಆರಾಮವಾಗಿ ಕೂತಿದ್ದೆ. ಹುಡುಕಿಕೊಂಡು ಬಂದ ಅಳಿಯ ಪಾಪ ಬೆವತುಹೋಗಿದ್ದ. "ಕಳೆದುಹೋಗಿದ್ರಾ ಮಾವ?" ಎಂದ. ಕಂಡಕ್ಟರು ಲಾಸ್ಟ್ ಸ್ಟಾಪಿನಲ್ಲಿ ಕಳೆದುಹೋಗುತ್ತಾನೆಯೇ? ಅದು ಅವನ ತವರುಮನೆ. ಆದರೆ ಈ ವಾದ ಮಗಳ ಮುಂದೆ ನಡೆಯಲಿಲ್ಲ.

"ಅಪ್ಪ, ನೀನೇ ಮಿಸ್ ಆಗ್ತೀಯ, ಮಗು ಜೊತೆ ಮಿಸ್ ಆದ್ರೆ ನಾನೇನ್ ಮಾಡ್ಲಿ?" ಎಂದಳು. ನಾನು ಎರಡು ದಿನ ಊಟ ಕಡಿಮೆ ಮಾಡಿ ನೋಡಿದೆ. ಅವಳು ನರ್ಸು. ಅಂಥವನ್ನು ಬಹಳ ನೋಡಿದ್ದಾಳೆ. ಕೊನೆಗೆ ಅವಳೇ ಒಂದು ಪರೀಕ್ಷೆ ಗೊತ್ತುಮಾಡಿದಳು. "ನಂಜಣ್ಣ ಮಾಮನ ಜೊತೆ ಗೋಥೆನ್‌ಬರ್ಗ್‌ಗೆ ಹೋಗು. ಒಂದು ರಾತ್ರಿ ಅಲ್ಲೇ ಹಾಸ್ಟೆಲಲ್ಲಿ ಇದ್ದು, ಊರು ನೋಡ್ಕೊಂಡು, ನೀವಾಗೇ ವಾಪಸ್ ಬನ್ನಿ. ಫೋನ್ ಕೊಟ್ಟಿರ್ತೀನಿ, ಆದ್ರೆ ಯಾರಾದ್ರೂ ಸತ್ರೆ ಮಾತ್ರ ಮಾಡ್ಬೇಕು. 'ಭಾಗ್ಯ, ಎಲ್ಲಿದೀನೋ ಗೊತ್ತಾಗ್ತಿಲ್ಲ' ಅಂತ ಒಂದು ಫೋನ್ ಬಂತೋ, ದಾಗಿಸ್ ವಿಷಯ ಮರೆತುಬಿಡು."

ಏಳನೆಯ ಕ್ಲಾಸಿನ ಪರೀಕ್ಷೆ ಬರೆಯುವಾಗಲೂ ಇಷ್ಟು ಕಠಿಣ ಷರತ್ತು ಇರಲಿಲ್ಲ. ಆಗ ಪಕ್ಕದವನನ್ನು ನೋಡಿ ಬರೆಯಲು ಅವಕಾಶವಿತ್ತು. ಈಗ ಪಕ್ಕದವನು ನಂಜ. ಅವನನ್ನು ನೋಡಿ ಬರೆದವರು ಇಂದಿನವರೆಗೂ ಪಾಸಾದದ್ದಿಲ್ಲ.

ನಂಜ ಮತ್ತು ನಾನು ಒಂದೇ ಬಸ್ಸಿನ ಎರಡು ತುದಿ. ಅವನು ಡ್ರೈವರ್. ಒಂದೇ ರೂಟಿನಲ್ಲಿ ಇಡೀ ಸರ್ವೀಸು ಕಳೆದವರು. ಅವನ ಸೊಸೆಗೆ ಸ್ಟಾಕ್‌ಹೋಮ್ ಪಕ್ಕದ ಸೋಲ್ನಾದಲ್ಲಿ ಆಫೀಸು. ಅಲ್ಲೇ ಬೀಡುಬಿಟ್ಟಿದ್ದವನು ಈ ಪ್ರಯಾಣಕ್ಕೆಂದು ಓರೆಬ್ರೂಗೆ ಬಂದಿಳಿದಿದ್ದ. ಮಗ, ಮಗು ನೋಡಿಕೊಳ್ಳಲು ರಜೆ ಹಾಕಿ ಮನೆಯಲ್ಲಿದ್ದಾನೆ. ಇಲ್ಲಿ ಗಂಡಸರಿಗೂ ಅಂಥ ರಜೆಯಿದೆ. "ನಾನು ನಾಲ್ಕು ಮಕ್ಕಳ್ಗೆ ಒಂದ್ ದಿನಾನೂ ರಜ ಹಾಕ್ನಿಲ್ಲ ಕನ್ಲಾ" ಎಂದು ನಂಜ ಮೊದಮೊದಲು ಹೆಮ್ಮೆಯಿಂದ ಹೇಳುತ್ತಿದ್ದ. ಮಗ ಬಾಟಲಿ ತೊಳೆದು, ಮಗುವಿನ ಬೆನ್ನು ತಟ್ಟಿ ತೇಗಿಸುವುದನ್ನು ಒಂದು ತಿಂಗಳು ನೋಡಿದ ಮೇಲೆ ಆ ಮಾತು ನಿಲ್ಲಿಸಿದ್ದಾನೆ. ಈಗ ಅವನಿಗೂ ತೇಗಿಸಲು ಬರುತ್ತದೆ. ಯಾರಿಗೂ ಹೇಳಬೇಡ ಎಂದಿದ್ದಾನೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಿಬ್ಬರ ನಡುವೆ ಸರ್ವೀಸಿನ ಮೊದಲ ದಿನದಿಂದ ತೀರ್ಮಾನವಾಗದೆ ಉಳಿದ ಒಂದು ಜಗಳವಿದೆ. ಬಸ್ಸು ಓಡುವುದು ಯಾರಿಂದ? ನಾನು 'ರೈಟ್' ಅನ್ನದೆ ಬಸ್ಸು ಒಂದು ಗೇಣು ಕದಲುವಂತಿಲ್ಲ, ಆದ್ದರಿಂದ ಕಂಡಕ್ಟರಿಂದ ಎನ್ನುವುದು ನನ್ನ ಸಿದ್ಧಾಂತ. ದೊಡ್ಡ ದೊಡ್ಡ ವೇದಾಂತಿಗಳು ದೇಹ ದೊಡ್ಡದೋ ಆತ್ಮ ದೊಡ್ಡದೋ ಎಂದು ಜಗಳವಾಡಿದ್ದಾರಲ್ಲ, ಇದೂ ಅದೇ ದರ್ಜೆಯದು. ದೇಹ ಸ್ಟೇರಿಂಗು ಹಿಡಿದಿರಬಹುದು, ಹೊರಡು ಎನ್ನುವುದು ಯಾರು? ನಂಜನದು ನಾಸ್ತಿಕವಾದ. "ನೀನು ರೈಟ್ ಅನ್ದೇ ಇದ್ರೂವೆ ನನ್ ಗಾಡಿ ಹೋಯ್ತಿತ್ತು ಕನ್ಲಾ. ಕನ್ನಡಿ ಅಂತ ಒಂದ್ ಇಟ್ಟಿದ್ರಲ್ಲ, ಅದ್ಯಾಕೆ, ಮೀಸೆ ನೋಡ್ಕೊಳಾಕಾ?"

ಮೊಮ್ಮಗಳೂ ಅವನ ಪಕ್ಷ. ಮನೆಯಲ್ಲಿ ನಾವು ಊಟದ ಕುರ್ಚಿಗಳನ್ನು ಸಾಲಾಗಿಟ್ಟು ಬಸ್ಸು ಆಡುತ್ತೇವೆ. ಅವಳು ತಟ್ಟೆ ಹಿಡಿದು ಡ್ರೈವರಾಗುತ್ತಾಳೆ. ನಾನು ಜೇಬಿನಿಂದ ನನ್ನ ಹಳೆಯ ವಿಶಲ್ ತೆಗೆದು ಎರಡು ಸಲ ಊದಿ ರೈಟ್ ಅನ್ನುವಷ್ಟರಲ್ಲಿ ಅವಳ ಬಸ್ಸು ಅಡುಗೆಮನೆ ದಾಟಿರುತ್ತದೆ. ನಿವೃತ್ತನಾದಾಗ ಇಲಾಖೆಯದೆಲ್ಲ ಇಲಾಖೆಗೆ ಒಪ್ಪಿಸಿ ಬಂದೆ. ವಿಶಲ್ ನನ್ನ ಸ್ವಂತದ್ದು. ಕೆಲವರು ಜೇಬಿನಲ್ಲಿ ನಶ್ಯದ ಡಬ್ಬಿ ಇಟ್ಟುಕೊಳ್ಳುವುದಿಲ್ಲವೇ, ಹಾಗೆ ಅದು.

ಇರಲಿ. ರೈಲು ಹತ್ತಿದೆವು. ನಡುವೆ ಒಂದು ಕಡೆ ಇಳಿದು ಗಾಡಿ ಬದಲಿಸಬೇಕು. ಅದನ್ನೂ ಬದಲಿಸಿದೆವು. ಮಧ್ಯಾಹ್ನದ ಹೊತ್ತಿಗೆ ಗೋಥೆನ್‌ಬರ್ಗ್ ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಟ್ರಾಮುಗಳು. ನೀಲಿ ಬಿಳಿ ಬಣ್ಣದ ಬಸ್ಸುಗಳಿಗೆ ಹಳಿ ಹಾಕಿ ಬುದ್ಧಿ ಕಲಿಸಿದಂತೆ ಒಂದರ ಹಿಂದೆ ಒಂದು ಬರುತ್ತಿದ್ದವು. ಒಳಗೆ ಹತ್ತಿ ನೋಡಿದರೆ ಕಂಡಕ್ಟರೇ ಇಲ್ಲ! ಕಂಬಕ್ಕೆ ಒಂದು ಡಬ್ಬಿ ಅಂಟಿಸಿದ್ದಾರೆ. ಜನ ತಾವೇ ಹೋಗಿ ಅದರ ಬಾಯಿಗೆ ಟಿಕೆಟ್ಟು ತುರುಕುತ್ತಾರೆ, ಅದು ಕಟ್ ಎಂದು ಮುದ್ರೆ ಒತ್ತುತ್ತದೆ, ಹೋಗಿ ಕೂತುಕೊಳ್ಳುತ್ತಾರೆ. ಕೇಳುವವರಿಲ್ಲ. ಡಬ್ಬಿ ಒಬ್ಬರಿಗಾದರೂ "ಒಳಗಡೆ ಹೋಗಿ, ಒಳಗಡೆ ಹೋಗಿ" ಅನ್ನಲಿಲ್ಲ.

ನಂಜನ ಮುಖ ನೋಡಬೇಕಿತ್ತು. ಹಬ್ಬಕ್ಕೆ ಬಣ್ಣ ಬಳಿದ ಗೋಡೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಸೀದಾ ಮುಂದೆ ಹೋಗಿ, ಡ್ರೈವರ್ ಕೂತ ಗಾಜಿನ ಕೋಣೆಯ ಹಿಂದೆ ನಿಂತು, ನನ್ನತ್ತ ತಿರುಗಿ ಇಡೀ ಟ್ರಾಮಿಗೆ ಕೇಳುವಂತೆ ಕೂಗಿದ.

"ಏನ್ ಕಂಡಕ್ಟ್ರೇ, ನಿಮ್ಮೋರು ಯಾರೂ ಕಾಣ್ನಿಲ್ವಲ್ಲಾ! ಗಾಡಿ ಹೋಯ್ತಾ ಅದೆ ಮತ್ತೆ?"

ಟ್ರಾಮಿನಲ್ಲಿದ್ದವರೆಲ್ಲ ತಮ್ಮ ತಮ್ಮ ಮೊಣಕಾಲನ್ನು ಇನ್ನಷ್ಟು ಶ್ರದ್ಧೆಯಿಂದ ನೋಡತೊಡಗಿದರು. ಈ ಜನರ ಮೌನದ ಬಗ್ಗೆ ಒಂದು ಮಾತು. ನಮ್ಮ ಬಸ್ಸಿನಲ್ಲಿ ಕೊಳ್ಳೇಗಾಲ ಬರುವಷ್ಟರಲ್ಲಿ ಒಂದು ಮದುವೆ ಮಾತುಕತೆ ಕುದುರಿ, ಒಂದು ಮುರಿದು, ಮೂರು ಕಾಯಿಲೆಗೆ ಔಷಧಿ ಗೊತ್ತಾಗಿರುತ್ತದೆ. ಇಲ್ಲಿ ಇಬ್ಬರ ಸೀಟಿನಲ್ಲಿ ಒಬ್ಬರು ಕೂತರೆ, ಇನ್ನೊಬ್ಬರು ನಿಂತೇ ಇರುತ್ತಾರೆ. ಪಕ್ಕ ಕೂತರೆ ಸಂಬಂಧ ಬೆಳೆದುಬಿಟ್ಟೀತು ಎಂಬ ಭಯ. ನಾನು ಒಬ್ಬರ ಪಕ್ಕ ಕೂತು "ಯಾವ ಕಡೆ?" ಎಂದು ಕೈಸನ್ನೆಯಲ್ಲಿ ಕೇಳಿದೆ. ಆತ ಮುಂದಿನ ಸ್ಟಾಪಿನಲ್ಲೇ ಇಳಿದುಹೋದ. ಆತನ ಊರು ಅದೇ ಇದ್ದಿರಬೇಕು ಎಂದು ನಾನು, ಇರಲಾರದು ಎಂದು ನಂಜ.

ಊರು ನೋಡಿದೆವು. ಬೆನ್ನಿನ ಮೇಲೆ ಚೀಲ ಹೊತ್ತು ನಡೆಯುವ ಯುವಕ ಯುವತಿಯರು ಬೀದಿ ತುಂಬ ಇದ್ದರು. ಅವರ ಸಾಲಿನಲ್ಲಿ ನಾವೂ ನಡೆದೆವು. ವ್ಯತ್ಯಾಸ ಇಷ್ಟೇ, ಅವರ ಚೀಲದಲ್ಲಿ ನಕ್ಷೆ ಇತ್ತು, ನಮ್ಮದರಲ್ಲಿ ರಾಗಿ ರೊಟ್ಟಿ. ಕಾಲುವೆಯ ಪಕ್ಕ ಚರ್ಚಿನಂಥ ಕಟ್ಟಡ ಕಂಡಿತು. ಕಡಿದಾದ ಚಾವಣಿ, ಎತ್ತರದ ಕಿಟಕಿ. ದೇವರು ಯಾವನಾದರೇನು, ಪರೀಕ್ಷೆಯ ಸಮಯ ಎಂದುಕೊಂಡು ಟೋಪಿ ತೆಗೆದು, ಕೈ ಮುಗಿದು, ಗಂಭೀರವಾಗಿ ಒಳಗೆ ಹೋದೆವು. ಗರ್ಭಗುಡಿಯ ಜಾಗದಲ್ಲಿ ಐಸಿನ ಮೇಲೆ ಒಂದು ದೊಡ್ಡ ಮೀನು ಬಾಯಿ ತೆರೆದುಕೊಂಡು ಮಲಗಿತ್ತು. ಸುತ್ತ ಸಿಗಡಿಯ ರಾಶಿ. ಅದು ಮೀನು ಮಾರುಕಟ್ಟೆ. ಊರಿನವರೇ ಅದನ್ನು ಮೀನಿನ ಚರ್ಚು ಎನ್ನುತ್ತಾರಂತೆ. ನಂಜ ಮಾತ್ರ ಮುಗಿದ ಕೈ ಬಿಡಲಿಲ್ಲ. "ಮತ್ಸ್ಯಾವತಾರ ಅಂತ ಇಲ್ವೇನ್ಲಾ?" ಎಂದ. ಅವನ ಧರ್ಮಜ್ಞಾನ ಹಸಿವಾದಾಗ ಚುರುಕಾಗುತ್ತದೆ.

ಹೊರಗೆ ಬೆಂಚಿನ ಮೇಲೆ ರೊಟ್ಟಿ ಬಿಚ್ಚಿದೆವು. ಕಡಲಹಕ್ಕಿಯೊಂದು ಗಿರಕಿ ಹೊಡೆದು ಬಂದು, ನಂಜನ ಕೈಯಿಂದ ಒಂದು ಇಡೀ ರೊಟ್ಟಿ ಕಸಿದುಕೊಂಡು ಹೋಯಿತು. ಮೇಲೆ ಹಾರಿ ಒಂದು ಚೂರು ರುಚಿ ನೋಡಿ, ಉಳಿದದ್ದನ್ನು ಕಾಲುವೆಗೆ ಬಿಟ್ಟಿತು. ಕದ್ದದ್ದಕ್ಕಿಂತ ಬಿಟ್ಟದ್ದು ನಂಜನಿಗೆ ಹೆಚ್ಚು ನೋವಾಯಿತು.

ಉಳಿದುಕೊಂಡ ಹಾಸ್ಟೆಲಿನ ವೈಭವ ಕೇಳಿ. ಒಂದರ ಮೇಲೊಂದು ಮಂಚ. ಹಾಸಲು ಬಟ್ಟೆ ನಾವೇ ತರಬೇಕು. ಬೆಳಿಗ್ಗೆ ಹೊರಡುವಾಗ ಕೋಣೆ ನಾವೇ ಗುಡಿಸಿ ಒರೆಸಬೇಕು. ಬಾಡಿಗೆಯನ್ನೂ ನಾವೇ ಕೊಡಬೇಕು. ಇಷ್ಟು ಅನುಕೂಲ ನಮ್ಮ ನೆಂಟರ ಮನೆಯಲ್ಲೂ ಸಿಗದು. ಮೇಲಿನ ಮಂಚ ಯಾರಿಗೆ ಎಂಬ ಪ್ರಶ್ನೆ ಬಂದಾಗ ನಂಜ "ಬಸ್ ಟಾಪ್ ಮೇಲೆ ಲಗೇಜ್ ಏರ್ಸೋದು ಯಾವತ್ತೂ ಕಂಡಕ್ಟ್ರ ಕಡೇದು" ಎಂದು ಕೆಳಗೆ ಮಲಗಿಬಿಟ್ಟ. ಮೇ ತಿಂಗಳ ಕೊನೆ. ಊಟವಾಗಿ ಮಲಗುವ ಹೊತ್ತಾದರೂ ಸೂರ್ಯನಿಗೆ ಮಾತ್ರ ಡ್ಯೂಟಿ ಮುಗಿಸುವ ಲಕ್ಷಣವಿರಲಿಲ್ಲ. ಓವರ್‌ಟೈಮ್ ಸಿಗುತ್ತದೇನೋ.

ಮಾರನೆಯ ಬೆಳಿಗ್ಗೆ ಎಲ್ಲ ಸರಿಯಿತ್ತು. ಅನುವಿಗೆ ಒಂದು ಪುಟ್ಟ ಮರದ ಟ್ರಾಮು ಕೊಂಡು ಚೀಲದಲ್ಲಿಟ್ಟೆ. ಅದೇ ಚೀಲದಲ್ಲಿ ಇಬ್ಬರ ವಾಪಸು ಟಿಕೆಟ್ಟು, ಭಾಗ್ಯ ಕೊಟ್ಟ ಫೋನು. ಮಧ್ಯಾಹ್ನದ ರೈಲು. ಸ್ಟೇಷನ್ನಿನ ಕಡೆಯ ಟ್ರಾಮು ಹತ್ತಿ ಹಿಂದಿನ ಬಾಗಿಲ ಬಳಿ ಕೂತೆವು. ಎಲ್ಲರೂ ಚೀಲ ಬೆನ್ನಿಗೇ ಇಟ್ಟುಕೊಂಡು ನಿಂತಿದ್ದರು. ನಂಜನೂ ಹಾಗೇ ಕೂತ. ನಾನು ಮಾತ್ರ, ಈ ಜನ ಕಂಡಕ್ಟರಿಲ್ಲದೆ ಹೇಗೆ ಕೆಟ್ಟುಹೋಗಿದ್ದಾರೆ ನೋಡು ಎಂದು ಮನಸ್ಸಿನಲ್ಲೇ ಅಂದುಕೊಂಡು, ಮಾದರಿ ಪ್ರಯಾಣಿಕನಂತೆ ಚೀಲ ಇಳಿಸಿ ಸೀಟಿನ ಕೆಳಗೆ ತಳ್ಳಿದೆ.

ಒಂದು ಸ್ಟಾಪಿನಲ್ಲಿ ಬಾಗಿಲು ಮುಚ್ಚಿತು, ಟ್ರಾಮು ಹೊರಟಿತು. ಕಿಟಕಿಯಾಚೆ ಒಬ್ಬಳು ಹೆಣ್ಣುಮಗಳು ಮಗುವಿನ ತಳ್ಳುಗಾಡಿ ತಳ್ಳಿಕೊಂಡು ಓಡಿಬರುತ್ತಿದ್ದಳು. ಕೈ ಎತ್ತಿದಳು. ಯಾರೂ ನೋಡಲಿಲ್ಲ, ಎಲ್ಲರೂ ಮೊಣಕಾಲು ನೋಡುತ್ತಿದ್ದರು. ಆಮೇಲೆ ನಡೆದದ್ದನ್ನು ನಾನು ಮಾಡಿದೆ ಎನ್ನುವುದಕ್ಕಿಂತ ನನ್ನ ಕೈ ಮಾಡಿತು ಎನ್ನುವುದು ಸರಿ. ಅದು ಜೇಬಿಗೆ ಹೋಯಿತು, ವಿಶಲ್ ಬಾಯಿಗೆ ಬಂತು, ನರಸೀಪುರದ ಸಂತೆಯ ದಿನ ಊದುವಂತೆ ಉದ್ದಕ್ಕೆ ಒಂದು ಊದಿದೆ. ಇನ್ನೊಂದು ಕೈ ಟ್ರಾಮಿನ ಗೋಡೆಗೆ ಬಡಿಯಿತು.

"ಹೋಲ್ಡಾನ್! ಹೋಲ್ಡಾನ್! ಮಗು ಅದೆ, ಮಗು!"

ಟ್ರಾಮು ಗಕ್ಕನೆ ನಿಂತಿತು. ಎರಡು ದಿನದಲ್ಲಿ ಮೊದಲ ಬಾರಿಗೆ ಗೋಥೆನ್‌ಬರ್ಗಿನ ಜನ ನಮ್ಮನ್ನು ನೇರವಾಗಿ ನೋಡಿದರು. ಬಾಗಿಲು ತೆರೆಯಿತು, ಹೆಣ್ಣುಮಗಳು ತಳ್ಳುಗಾಡಿ ಹತ್ತಿಸಿಕೊಂಡಳು, ಏದುಸಿರಿನಲ್ಲೇ ಏನೋ ಹೇಳಿ ನಕ್ಕಳು. ನಾನು ತಲೆಯಾಡಿಸಿ, ಅಭ್ಯಾಸಬಲದಿಂದ ಎರಡು ಸಲ ಊದಲು ವಿಶಲ್ ಮತ್ತೆ ಎತ್ತಿದ್ದೆ. ಅಷ್ಟರಲ್ಲಿ ಗಾಜಿನ ಕೋಣೆಯಿಂದ ಡ್ರೈವರ್ ಇಳಿದು ಬರುತ್ತಿರುವುದು ಕಂಡಿತು. ಎತ್ತರದ ಹೆಂಗಸು, ಬೆನ್ನಿನವರೆಗೆ ಜಡೆ. ಸಿಟ್ಟಿರಲಿಲ್ಲ. ಅದಕ್ಕೇ ಭಯವಾದದ್ದು. ನಮ್ಮ ಡ್ರೈವರುಗಳು ಸಿಟ್ಟಾದರೆ ಅರ್ಧ ಕಿಲೋಮೀಟರಿನಲ್ಲಿ ಮುಗಿಯುತ್ತದೆ, ಈ ತಾಳ್ಮೆ ಎಲ್ಲಿಗೆ ಮುಟ್ಟುತ್ತದೋ ಯಾರಿಗೆ ಗೊತ್ತು? ನಾನು ವಿಶಲ್ ಎತ್ತಿ ಹಿಡಿದು "ಕಂಡಕ್ಟರ್! ಇಂಡಿಯಾ!" ಎಂದೆ. ಇದರಿಂದ ಎಲ್ಲ ಸ್ಪಷ್ಟವಾಗುತ್ತದೆ ಎಂದುಕೊಂಡಿದ್ದೆ.

ನಂಜ ನನ್ನ ರಟ್ಟೆ ಹಿಡಿದು ಎಳೆದ. "ಇಳೀಲಾ ಮೊದ್ಲು! ಚೆಕಿಂಗ್‌ನೋರ್ ಬಂದ್ರೆ ಇಬ್ರುನ್ನೂ ಒಳಕ್ ಹಾಕ್ತಾರೆ!" ಎಂದು ತೆರೆದ ಬಾಗಿಲಿನಿಂದ ನನ್ನನ್ನು ಕೆಳಗಿಳಿಸಿದ. ಡ್ರೈವರಮ್ಮ ನಮ್ಮ ಕಡೆ ಏನೋ ಕೂಗಿದಳು. ನಾವು ಇನ್ನೂ ದೂರ ಸರಿದೆವು. ಬಾಗಿಲು ಮುಚ್ಚಿತು, ಟ್ರಾಮು ಹೋಯಿತು. ಸೀಟಿನ ಕೆಳಗೆ, ಯಾರಿಗೂ ತೊಂದರೆ ಕೊಡದೆ, ಮಾದರಿ ಚೀಲವಾಗಿ ಕೆಂಪು ಚೀಲವೂ ಹೋಯಿತು.

ಬೆನ್ನಿಗೆ ಕಟ್ಟಿಕೊಂಡು ಜನರ ಮೂಗು ಸವರುತ್ತ ನಿಂತಿದ್ದವರಲ್ಲಿ ಒಬ್ಬರ ಚೀಲವೂ ಹೋಗಲಿಲ್ಲ, ಗಮನಿಸಿ.

ಸ್ಟಾಪಿನ ಬೆಂಚಿನಲ್ಲಿ ಕೂತೆವು. ನಂಜನ ಚೀಲದಲ್ಲಿ ಇದ್ದದ್ದು ಖಾಲಿ ಡಬ್ಬಿ ಮತ್ತು ಹಾಸ್ಟೆಲಿನಲ್ಲಿ ಹಾಸಿದ್ದ ಬಟ್ಟೆ. ಅವನು ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದ. ಸೊಸೆಯ ನಂಬರು.

"ಯಾರ್ನಾದ್ರೂ ಕೇಳಿ ಒಂದ್ ಫೋನ್ ಮಾಡುಸ್ಬುಡ್ಲಾ? ಅವ್ಳು ಭಾಗ್ಯಂಗೆ ಹೇಳ್ತಾಳೆ."

"ಮಾಡ್ಸು. ನಿನ್ಗೇನು, ನಿನ್ ಮಗೀನ ನೀನು ದಿನಾ ಎತ್ಕೊಂಡ್ ತೇಗಿಸ್ತೀಯ. ಹೋಗೋದು ನನ್ ಮಗಿ."

ಅವನು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡ. "ನಡೀಲಾ ಆ ಕಡೆ ಸ್ಟಾಪಿಗೆ" ಎಂದ. "ಯಾವ ಗಾಡಿ ಆದ್ರೂವೆ ಟ್ರಿಪ್ ಮುಗುಸ್ಕೊಂಡು ಇದೇ ದಾರೀಲಿ ತಿರುಗ್ಸ್ಕಂಡ್ ಬರ್ಲೇಬೇಕು. ಅದ್ಕೇನ್ ರೆಕ್ಕೆ ಇದ್ದದಾ?"

"ಡಿಪೋಗೆ ಹೋಗ್ಬುಟ್ರೆ?"

"ನಡು ಮಧ್ಯಾಹ್ನ ಯಾವೋನ್ಲಾ ಡಿಪೋಗೆ ಹೋಗೋನು? ನಿನ್ ತರ ಅವ್ಳೇನ್ ಕಂಡಕ್ಟ್ರಾ?"

ಎದುರಿನ ಸ್ಟಾಪಿನಲ್ಲಿ ನಿಂತೆವು. ಬಂದ ಪ್ರತಿ ಟ್ರಾಮಿನ ಮುಂದೆಯೂ ನಂಜ ಹೋಗಿ ಗಾಜಿಗೆ ಮೂಗು ತಾಗಿಸಿ ಡ್ರೈವರನ ಮುಖ ನೋಡುತ್ತಿದ್ದ. ಒಬ್ಬನಿಗೆ ಗಡ್ಡ, ಒಬ್ಬನಿಗೆ ಬೋಳು ತಲೆ. ಜಡೆ ಯಾರಿಗೂ ಇರಲಿಲ್ಲ. ರೈಲಿನ ಹೊತ್ತು ಹತ್ತಿರವಾಗುತ್ತಿತ್ತು. ಮಗಳ ಮುಂದೆ ಸೋಲುವುದು ದೊಡ್ಡದಲ್ಲ, ಅದು ಅವಳು ಹುಟ್ಟಿದ ದಿನದಿಂದ ಅಭ್ಯಾಸವಾಗಿದೆ. ಆದರೆ ಇನ್ನು ಮೂರು ವಾರಕ್ಕೆ ನನ್ನ ವಿಮಾನ. ಒಂದೇ ಒಂದು ಸಂಜೆಯೂ ಆ ಗೇಟಿನಲ್ಲಿ ನಿಲ್ಲದೆ ಊರಿಗೆ ಹೋದರೆ, ಹೆಂಡತಿಯ ಮುಂದೆ ಏನೆಂದು ಹೇಳಲಿ? ಟ್ರಾಮಿನಲ್ಲಿ ವಿಶಲ್ ಊದಿದೆ ಎಂದೇ?

ಕೊನೆಗೆ ಅದು ಬಂತು. ಗಾಜಿನ ಹಿಂದೆ ಜಡೆ. ಅವಳು ನಮ್ಮನ್ನು ದೂರದಿಂದಲೇ ಕಂಡಿರಬೇಕು, ಕಾಣದಿರಲು ನಾವು ಆ ಊರಿಗೆ ಅಷ್ಟು ಹೊಂದಿಕೊಂಡಿರಲಿಲ್ಲ. ಟ್ರಾಮು ನಿಲ್ಲಿಸಿ, ತನ್ನ ಪಕ್ಕದಲ್ಲೇ ಇಟ್ಟುಕೊಂಡಿದ್ದ ಕೆಂಪು ಚೀಲವನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಎರಡು ಬೆರಳು ತುಟಿಗಿಟ್ಟು ಊದಿದ ಹಾಗೆ ಮಾಡಿ, ಅದೇ ಬೆರಳನ್ನು 'ಇನ್ನೊಂದ್ಸಲ ಮಾಡೀಯ' ಎನ್ನುವ ಹಾಗೆ ಅಲ್ಲಾಡಿಸಿ, ನಕ್ಕಳು.

ಆಗ ನಂಜ ಒಂದು ಕೆಲಸ ಮಾಡಿದ. ನಮ್ಮ ರೂಟಿನಲ್ಲಿ ಎದುರಿನಿಂದ ಬಸ್ಸು ಬಂದರೆ ಡ್ರೈವರಿಗೆ ಡ್ರೈವರ್ ಸ್ಟೇರಿಂಗಿನಿಂದ ಒಂದು ಕೈ ಎತ್ತುತ್ತಾನಲ್ಲ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಆ ಕೈ ಎತ್ತಿದ. ಅವಳೂ ಥೇಟ್ ಅದೇ ಅಳತೆಗೆ ಕೈ ಎತ್ತಿದಳು. ಟ್ರಾಮು ಹೋಯಿತು. ಕಂಡಕ್ಟರುಗಳಿಗೆ ಅಂಥದ್ದೊಂದು ಸನ್ನೆ ಇಲ್ಲ. ಇಷ್ಟು ವರ್ಷದಲ್ಲಿ ಆ ಕೊರತೆ ನನ್ನ ಗಮನಕ್ಕೆ ಬಂದದ್ದೇ ಅವತ್ತು.

"ಡ್ರೈವರ್ ಆಗಿದ್ಕೆ ತಂದ್ಕೊಟ್ಳು" ಎಂದ ನಂಜ, ರೈಲಿನಲ್ಲಿ ಕೂತು ಉಸಿರು ಬಂದ ಮೇಲೆ. "ಕಂಡಕ್ಟ್ರಾಗಿದ್ರೆ ಲಾಸ್ಟ್ ಸ್ಟಾಪಲ್ಲಿ ಬಿಚ್ಚಿ ರೊಟ್ಟಿ ಹುಡುಕೋನು."

ಆ ಜಗಳ ಆಮೇಲೆ. ಒಂದು ಒಪ್ಪಂದವಾಗಬೇಕಿತ್ತು. ಮನೆಯಲ್ಲಿ ವಿಶಲಿನ ವಿಷಯ, ಚೀಲದ ವಿಷಯ ಎರಡೂ ಎತ್ತಕೂಡದು. ನಂಜ ತನ್ನ ನಾಲ್ಕು ಮಕ್ಕಳ ಮೇಲೆ ಆಣೆಯಿಟ್ಟ. ಕಡಲಹಕ್ಕಿಯ ಮೇಲೂ ಇಟ್ಟ.

ಆ ಆಣೆ ಭಾಗ್ಯ ಬಡಿಸಿದ ಎರಡನೆಯ ಮುದ್ದೆಯವರೆಗೆ ನಿಂತಿತು. ಸಾರಿನಲ್ಲಿ ಮುದ್ದೆ ಅದ್ದುತ್ತ "ನಿಮ್ಮಪ್ಪ ಇವತ್ತು ಏನ್ ಮಾಡ್ದ ಗೊತ್ತಾ ಕೂಸೇ..." ಎಂದು ಶುರುಮಾಡಿದವನು, ವಿಶಲ್ ಊದಿದ್ದನ್ನು ಕುರ್ಚಿಯಿಂದೆದ್ದು ನಟಿಸಿ ತೋರಿಸಿದ. ನನ್ನ 'ಕಂಡಕ್ಟರ್, ಇಂಡಿಯಾ' ಎಂಬುದನ್ನು ನಾನು ಹೇಳಿದ್ದಕ್ಕಿಂತ ಮೂರು ಪಟ್ಟು ಜೋರಾಗಿ ಹೇಳಿದ. ನನ್ನ ಬಾಯಲ್ಲಿದ್ದ ಮುದ್ದೆ ಕೆಳಗಿಳಿಯಲೊಲ್ಲದು. ಮುದ್ದೆ ನುಂಗಲು ಅಗಿಯಬೇಕಾಗಿ ಬಂದದ್ದು ಜೀವಮಾನದಲ್ಲಿ ಅದೊಂದೇ ಸಲ.

ಭಾಗ್ಯ ಮೊದಲು ಬಾಯಿಗೆ ಸೆರಗಿಲ್ಲದ್ದಕ್ಕೆ ಕೈ ಅಡ್ಡ ಹಿಡಿದಳು. ಆಮೇಲೆ ಅದೂ ಸಾಲದೆ ಗೋಡೆಗೆ ಒರಗಿ ನಕ್ಕಳು. ನಗು ನಿಂತ ಮೇಲೆ ಕೇಳಿದಳು.

"ಬ್ಯಾಗ್ ಹೋದಾಗ ಯಾರ ಹತ್ರನಾದ್ರೂ ಹೇಳಿ ಫೋನ್ ಮಾಡಿಸ್ಬಹುದಿತ್ತಲ್ಲಪ್ಪ. ಯಾಕೆ ಮಾಡ್ಲಿಲ್ಲ?"

"ಯಾರಾದ್ರೂ ಸತ್ರೆ ಮಾತ್ರ ಮಾಡು ಅಂದಿದ್ದೆಯಲ್ಲಮ್ಮ. ಯಾರೂ ಸಾಯಲಿಲ್ಲ."

ಅವಳು ಒಲೆಯ ಕಡೆ ತಿರುಗಿ, ಉರಿಯದ ಒಲೆಯ ಮೇಲಿದ್ದ ಪಾತ್ರೆಯಲ್ಲಿ ಸುಮ್ಮನೆ ಸೌಟಾಡಿಸಿದಳು. "ನಾಳೆ ಮೂರೂವರೆಗೆ ಹೋಗು. ದಾಗಿಸ್‌ನಲ್ಲಿ ನಿನ್ನ ಹೆಸರು ಹೇಳಿರ್ತೀನಿ" ಎಂದಳು. ತಿರುಗದೆಯೇ ಇನ್ನೊಂದು ಮಾತು ಸೇರಿಸಿದಳು: "ವಿಶಲ್ ಇಲ್ಲೇ ಇಟ್ಟು ಹೋಗು."

ಮಾರನೆಯ ದಿನ ಮೂರೂವರೆಗೆ ಹೋಗು ಎಂದರೆ ನಾನು ಮಧ್ಯಾಹ್ನದ ಊಟ ಮುಗಿದೊಡನೆಯೇ ಹೋಗಿ ಗೇಟಿನ ಎದುರು ನಿಂತೆ. ತಡವಾದರೆ ಮಗುವನ್ನು ಬೇರೆ ಯಾರಾದರೂ ತಾತಂದಿರು ಕೊಂಡೊಯ್ದುಬಿಟ್ಟರೆ? ಹೊತ್ತಾದ ಮೇಲೆ ಒಳಗೆ ಬಿಟ್ಟರು. ನಾನು ಅಷ್ಟು ದಿನದಿಂದ ಕನಸು ಕಂಡ ಗಳಿಗೆ. ಅನು ನನ್ನನ್ನು ಕಂಡೊಡನೆ ತೋಳು ಚಾಚಿ ಓಡಿಬರುತ್ತಾಳೆ ಎಂದು ಮೊಣಕಾಲೂರಿ ಸಿದ್ಧನಾದೆ. ಅವಳು ಮರಳಿನ ಗುಡ್ಡೆಯ ಮೇಲಿಂದ ಒಮ್ಮೆ ನೋಡಿ, "ನೇಯ್" ಎಂದಳು. ಇಲ್ಲಿಯ ಮಾತಿನಲ್ಲಿ ಅದಕ್ಕೆ ಒಲ್ಲೆ ಎಂದರ್ಥ. ಬಕೆಟ್ಟು ತುಂಬುವ ಕೆಲಸ ಬಾಕಿ ಇತ್ತು. ಊರಿದ ಮೊಣಕಾಲು ಎತ್ತಲು ನನಗೆ ಟೀಚರಮ್ಮನ ಸಹಾಯ ಬೇಕಾಯಿತು.

ಬಕೆಟ್ಟು ತುಂಬಿತು. ಅನು ಬಂದು, ಕರಡಿಯ ಚಿತ್ರದ ತನ್ನ ಪುಟ್ಟ ಚೀಲವನ್ನು ನನ್ನ ಕೈಗೆ ತುರುಕಿ, ಇನ್ನೊಂದು ಕೈ ಹಿಡಿದಳು. ನಾನು ಚೀಲ ಬೆನ್ನಿಗೇರಿಸಿದೆ. ಪಟ್ಟಿ ಹೆಗಲವರೆಗೂ ಬರಲಿಲ್ಲ, ಒಂದೇ ತೋಳಿಗೆ ಹೇಗೋ ಸಿಕ್ಕಿಸಿಕೊಂಡು ಬಸ್ಸು ಹತ್ತಿದೆ. ಹತ್ತಿದ ಮೇಲೂ ಇಳಿಸಲಿಲ್ಲ. ತಿರುಗುವಾಗ ಕರಡಿ ಹಿಂದಿನ ಸೀಟಿನ ಮುದುಕಿಯೊಬ್ಬಳ ಮೂಗು ಸವರಿತೆಂದು ಕಾಣುತ್ತದೆ. ಅವಳು ತನ್ನ ಮೊಣಕಾಲು ನೋಡಿಕೊಂಡಳು. ನಮ್ಮ ಬಸ್ಸಾಗಿದ್ದರೆ ಕಂಡಕ್ಟರ್ ಎನ್ನುವವನು ಕೂಗಾಡಿಬಿಡುತ್ತಿದ್ದ. ಪುಣ್ಯಕ್ಕೆ ಈ ದೇಶದಲ್ಲಿ ಆ ಜಾತಿ ಇಲ್ಲ.

ಕಿಟಕಿಯ ಪಕ್ಕ ಅನುವನ್ನು ಕೂರಿಸಿ ನಾನೂ ಕೂತೆ. ಎಲ್ಲರೂ ಹತ್ತಿಯಾಯಿತು. ಬಸ್ಸು ಮಾತ್ರ ಹೊರಡಲಿಲ್ಲ. ಹೊರಡುವ ಹೊತ್ತಿಗಾಗಿ ಕಾಯುತ್ತಿತ್ತು. ಅನು ಕತ್ತು ಚಾಚಿ ಡ್ರೈವರನ್ನು ನೋಡಿದಳು. ತಿರುಗಿ ನನ್ನನ್ನು ನೋಡಿದಳು. ಮತ್ತೆ ಡ್ರೈವರನ್ನು. ಊಟದ ಕುರ್ಚಿಯ ಬಸ್ಸಿನಲ್ಲಿ ಒಂದು ದಿನವೂ ನನಗಾಗಿ ಕಾಯದವಳು, ನನ್ನ ತೊಡೆಯ ಮೇಲೆ ಕೈಯಿಟ್ಟು, ಕೆಲಸ ಮರೆತ ಆಳನ್ನು ಎಚ್ಚರಿಸುವಂತೆ ಹೇಳಿದಳು.

"ಮೊರ್‌ಫಾರ್, ರೈಟ್ ಅನ್ನು."

ಜೇಬು ಮುಟ್ಟಿ ನೋಡಿಕೊಂಡೆ. ವಿಶಲ್ ಮನೆಯಲ್ಲಿತ್ತು. ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ, ಅವಳ ಕಿವಿಯಲ್ಲಿ, "ರೈಟ್" ಎಂದೆ.

ಬಸ್ಸು ಹೊರಟಿತು.

ಡ್ರೈವರಿಗೆ ಟೈಮಾಗಿತ್ತು, ಅದಕ್ಕೇ ಹೊರಟ ಎಂದು ನಂಜ ಫೋನಿನಲ್ಲಿ ಹೇಳಿದ. ಹೇಳಲಿ. ಬಸ್ಸು ಕದಲಿದಾಗ ಅನು ನನ್ನ ಮುಖ ನೋಡಿದ ರೀತಿಯನ್ನು ಅವನು ಎಷ್ಟು ದೊಡ್ಡ ಕನ್ನಡಿ ಇಟ್ಟುಕೊಂಡರೂ ನೋಡಲಾರ.